ಮೀಟಿಂಗಿಗೆ ಬಾರದವರ ಮಾತು

ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವಳು. ಕೊನೆಯ ಎಂಟು ವರ್ಷ ಇನ್‌ಸ್ಪೆಕ್ಷನ್ ವಿಭಾಗ. ಬೇರೆ ಬ್ರಾಂಚುಗಳಿಗೆ ಹೋಗಿ ಅವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಉದ್ಯೋಗ. ರಿಟೈರ್ ಆದರೂ ಆ ಚಾಳಿ ಬಿಟ್ಟಿರಲಿಲ್ಲ. ಯಜಮಾನರು ಹೋದ ಮೇಲೆ ಬೆಂಗಳೂರಿನ ಕನಕಪುರ ರಸ್ತೆಯಾಚೆ ಇರುವ ಈ ಹಿರಿಯರ ಅಪಾರ್ಟ್‌ಮೆಂಟಿಗೆ ಬಂದೆ. ಮೂರೇ ತಿಂಗಳಲ್ಲಿ ನೋಟಿಸ್ ಬೋರ್ಡಿನ ಮೇಲೆ ಒಂದು ಚೀಟಿ ಕಂಡಿತು. ಮುಂದಿನ ತಿಂಗಳಿಂದ ಸೇವಾ ಶುಲ್ಕ ಶೇ 12 ಜಾಸ್ತಿ. ಯಾಕೆ, ಯಾವುದಕ್ಕೆ, ಒಂದೂ ಇಲ್ಲ. ಕೆಳಗೆ ಒಂದು ಸಹಿ, ಒಂದು ಸೀಲು.

ನಮ್ಮಲ್ಲಿ 96 ಮನೆ. ವಾಸವಿರುವವರು ಸುಮಾರು 130 ಮಂದಿ. ಅರ್ಧಕ್ಕಿಂತ ಜಾಸ್ತಿ ಮನೆಗಳಲ್ಲಿ ಒಬ್ಬೊಬ್ಬರೇ, ಅದರಲ್ಲೂ ಹೆಂಗಸರೇ ಹೆಚ್ಚು. ಅಡುಗೆಮನೆ, ನರ್ಸ್, ಸೆಕ್ಯುರಿಟಿ, ನೀರು, ಜನರೇಟರ್ ಎಲ್ಲವನ್ನೂ ಅಪಾರ್ಟ್‌ಮೆಂಟ್ ನಡೆಸುವ ಕಂಪನಿಯೇ ನೋಡಿಕೊಳ್ಳುತ್ತಿತ್ತು. ದುಡ್ಡು ಕಟ್ಟುವುದು, ಆಮೇಲೆ ಲಿಫ್ಟಿನ ಮುಂದೆ ನಿಂತು ಗೊಣಗುವುದು, ಇಷ್ಟೇ ನಮ್ಮ ಪಾಲಿನ ಕೆಲಸ. ಮ್ಯಾನೇಜರ್ ಹತ್ತಿರ ಹೋಗಿ ಬಿಲ್ಲುಗಳನ್ನು ತೋರಿಸಿ ಎಂದೆ. "ಅಮ್ಮಾ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ತಲೆನೋವು? ಆರಾಮಾಗಿರಿ, ನಾವಿದ್ದೀವಲ್ಲ" ಎಂದ. ಒಳ್ಳೆಯ ಹುಡುಗ, ಪ್ರೀತಿಯಿಂದಲೇ ಹೇಳಿದ. ಅದಕ್ಕೇ ನನಗೆ ಸಿಟ್ಟು ಬಂತು.

ಸಂಘ ಕಟ್ಟಿದ ಕಥೆ ಉದ್ದ, ಚುಟುಕಾಗಿ ಹೇಳುತ್ತೇನೆ. ಮನೆ ಕಟ್ಟಿ ಮಾರುವವರಿಗೆ ಅಂಕೆ ಹಾಕುವ 2016ರ ರೇರಾ ಕಾಯ್ದೆಯ ಪ್ರಕಾರ ಹೆಚ್ಚಿನ ಮನೆಗಳು ಬುಕ್ ಆದ ಮೂರು ತಿಂಗಳಲ್ಲಿ ಮನೆ ಕೊಂಡವರ ಸಂಘ ಆಗಬೇಕು. ನಮ್ಮಲ್ಲಿ ನಾಲ್ಕು ವರ್ಷವಾದರೂ ಆಗಿರಲಿಲ್ಲ. 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಹೋಗುವುದಾ, 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಹೋಗುವುದಾ ಎಂದು ಐದು ಭಾನುವಾರ ಜಗಳವಾಡಿದೆವು. ನಮ್ಮಲ್ಲಿ ಮೂವರು ನಿವೃತ್ತ ವಕೀಲರಿದ್ದಾರೆ, ಅದೇ ತೊಂದರೆ. ಕೊನೆಗೆ 1972ರದ್ದು ಎಂದಾಯಿತು.

ಆಗ ಒಂದು ವಿಚಿತ್ರ ಎದುರಾಯಿತು. ಕಾಯ್ದೆಗೆ ಗೊತ್ತಿರುವುದು ಮನೆಯ ಒಡೆಯರು ಮಾತ್ರ. ನಮ್ಮಲ್ಲಿ ಸುಮಾರು 40 ಮನೆ ಮಕ್ಕಳ ಹೆಸರಿನಲ್ಲಿವೆ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಸಿಡ್ನಿಯಲ್ಲಿ. ಓಟು ಅವರದು, ಊಟ ಮಾಡುವವರು ಇವರು. ಮೊದಲ ಆನ್‌ಲೈನ್ ಮೀಟಿಂಗಿನಲ್ಲಿ ಒಬ್ಬ ಮಗರಾಯ ಈಜುಕೊಳಕ್ಕೆ ಹೀಟರ್ ಹಾಕಿಸಿ ಎಂದು ಅರ್ಧ ಗಂಟೆ ವಾದ ಮಾಡಿದ. ಅವನ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದರು. "ನನಗೆ ಮೆಟ್ಟಿಲಿಗೆ ಹಿಡಿಕೆ ಹಾಕಿಸಿಕೊಟ್ಟರೆ ಸಾಕಿತ್ತು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರಿಗೆ ಓಟಿಲ್ಲ. ಹಾಗಾಗಿ ಬೈಲಾದಲ್ಲಿ, ಅಂದರೆ ಸಂಘದ ನಿಯಮಗಳಲ್ಲಿ, ಎರಡು ಭಾಗ ಮಾಡಿದೆವು. ಕಟ್ಟಡ, ಕಾರ್ಪಸ್ ನಿಧಿ (ಮುಂದಕ್ಕೆಂದು ಕೂಡಿಟ್ಟ ದುಡ್ಡು), ದೊಡ್ಡ ಖರ್ಚು ಒಡೆಯರ ಸಂಘಕ್ಕೆ. ಊಟ, ಹೊತ್ತು, ಗಲಾಟೆ, ಕೆಲಸದವರು, ದಿನದ ಬದುಕಿಗೆ ಸೇರಿದ್ದೆಲ್ಲ ನಿವಾಸಿಗಳ ಮಂಡಳಿಗೆ. ಇಲ್ಲಿ ಮಲಗಿ ಏಳುವವರಿಗೆ ಮಾತ್ರ ಅದರಲ್ಲಿ ಓಟು. ನಾವು ಮಾಡಿದ ಕೆಲಸಗಳಲ್ಲಿ ಇದು ಗಟ್ಟಿಯಾದದ್ದು ಅಂತ ನನಗೆ ಈಗಲೂ ಅನಿಸುತ್ತದೆ.

ಬಿಲ್ಲುಗಳು ಕೈಗೆ ಬಂದ ಮೇಲೆ ಮೂರು ತಿಂಗಳು ಹಬ್ಬ ಮಾಡಿದೆ. ಕಳ್ಳತನ ಸಿಗುತ್ತದೆ ಎಂದು ಕಾದಿದ್ದವಳಿಗೆ ಸಿಕ್ಕಿದ್ದು ಬರೀ ಉದಾಸೀನ. ಟ್ಯಾಂಕರ್ ನೀರನ್ನೇ ತಗೊಳ್ಳಿ. 2024ರ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ನಮ್ಮ ಎರಡು ಬೋರ್‌ವೆಲ್‌ನಲ್ಲಿ ಒಂದು ಒಣಗಿತ್ತು. ಆ ಮಾರ್ಚಿನಲ್ಲಿ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ ಎಂದು ದರ ಕಟ್ಟಿತು. ನಮ್ಮ ಬಿಲ್ಲಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಅದಾದರೂ ಹೋಗಲಿ, ಆ ಟ್ಯಾಂಕರಿನಲ್ಲಿ ನಿಜಕ್ಕೂ 12,000 ಲೀಟರ್ ಇತ್ತಾ? ವಾಚ್‌ಮನ್ ಒಂದು ಗೀಟು ಎಳೆದರೆ ಒಂದು ಲೋಡು, ಅಷ್ಟೇ ಲೆಕ್ಕ. ನೆಲದಡಿಯ ಸಂಪಿನೊಳಗೆ ನೀರು ಬೀಳುವ ಪೈಪಿಗೆ ಒಂದು ಮೀಟರ್ ಹಾಕಿಸಿದೆವು. ಬಿ ಬ್ಲಾಕಿನ ನಿವೃತ್ತ ಎಂಜಿನಿಯರ್ ಒಬ್ಬರು ಬೆಳಗಿನ ಐದೂವರೆಗೇ ಅದನ್ನು ಓದಿ ಬರೆದಿಡುತ್ತಾರೆ. ವಯಸ್ಸಾದವರಿಗೆ ನಿದ್ದೆ ಬರುವುದಿಲ್ಲ ಎನ್ನುವುದೂ ಒಂದು ಆಸ್ತಿಯೇ.

ಜಿಎಸ್‌ಟಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಒಂದು ಮಾತು ಹೇಳಿಬಿಡುತ್ತೇನೆ. ಕಂಪನಿ ನಿರ್ವಹಣಾ ಶುಲ್ಕ ತಗೊಂಡರೆ ಶೇ 18 ತೆರಿಗೆ. ಸಂಘವೇ ತನ್ನ ಸದಸ್ಯರಿಂದ ತಗೊಂಡರೆ ತಿಂಗಳಿಗೆ ತಲಾ 7,500 ರೂಪಾಯಿವರೆಗೆ ವಿನಾಯಿತಿ. ಹಾಗಂತ ಅಷ್ಟೂ ಉಳಿಯಿತು ಅಂದುಕೊಳ್ಳಬೇಡಿ. ಸೆಕ್ಯುರಿಟಿ ಏಜೆನ್ಸಿಯವರು ನಮಗೆ ಹಾಕುವ ಜಿಎಸ್‌ಟಿ ತಪ್ಪುವುದಿಲ್ಲ, ಕಟ್ಟಲೇಬೇಕು.

ಇನ್ನು ಅಡುಗೆಮನೆ. ಸಂಘದ ಲೆಕ್ಕಪತ್ರಕ್ಕೆ ಏಳು ಜನ ಬಂದರೆ ಊಟದ ಕಮಿಟಿಗೆ ಎಪ್ಪತ್ತು ಜನ. ಮಂಗಳೂರಿನವರಿಗೆ ಕುಚ್ಚಲಕ್ಕಿ ಬೇಕು, ಧಾರವಾಡದವರಿಗೆ ಜೋಳದ ರೊಟ್ಟಿ, ಮಂಡ್ಯದವರಿಗೆ ವಾರಕ್ಕೆ ಮೂರು ದಿನವಾದರೂ ಮುದ್ದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಪಂಕ್ತಿ ಬೇರೆ. ಮೊದಲ ಆರು ತಿಂಗಳು ದೂರಿನ ಪುಸ್ತಕ ನೋಡಿಕೊಂಡು ಮೆನು ಮಾಡಿದೆವು. ಹುಳಿ ಖಾರ, ಪಲ್ಯಕ್ಕೆ ಎಣ್ಣೆ ಜಾಸ್ತಿ, ಉಪ್ಪಿಲ್ಲ, ಉಪ್ಪು ಹೆಚ್ಚು. ಎಷ್ಟು ತಿದ್ದಿದರೂ ಊಟ ಮಿಕ್ಕುವುದು ಕಡಿಮೆಯಾಗಲಿಲ್ಲ.

ಆಗ ಅಡುಗೆಭಟ್ಟರೇ ಒಂದು ದಾರಿ ಹೇಳಿದರು. "ಪುಸ್ತಕ ಬಿಡಿ ಅಮ್ಮಾ, ಮುಸುರೆ ಬಕೆಟ್ ನೋಡಿ." ಮೂರು ವಾರ ಪ್ರತಿ ಊಟದ ನಂತರ ಬಕೆಟ್ ತೂಗಿದೆವು, ಒಳಗೆ ಏನಿದೆ ಎಂದೂ ಬರೆದೆವು. ಹುಳಿ ಹೆಚ್ಚು ಕಮ್ಮಿ ಖಾಲಿಯಾಗುತ್ತಿತ್ತು. ಬಕೆಟ್ ತುಂಬುತ್ತಿದ್ದುದು ಚಪಾತಿಯಿಂದ. ಅಂಚು ಕಚ್ಚಿ ಬಿಟ್ಟ ಚಪಾತಿ. ಏಳು ಗಂಟೆಯ ಊಟಕ್ಕೆ ಆರಕ್ಕೇ ಮಾಡಿಟ್ಟದ್ದು ತಟ್ಟೆಗೆ ಬರುವಷ್ಟರಲ್ಲಿ ಚರ್ಮದ ಹಾಗಾಗುತ್ತಿತ್ತು. ಹಲ್ಲುಸೆಟ್ಟಿನವರು ಅದನ್ನು ಅಗಿಯುವುದು ಹೇಗೆ? ಆದರೆ ದೂರಿನ ಪುಸ್ತಕದಲ್ಲಿ ಹೆಸರು, ಮನೆ ನಂಬರು ಹಾಕಿ 'ನನಗೆ ಅಗಿಯಲು ಆಗುತ್ತಿಲ್ಲ' ಎಂದು ಯಾರು ಬರೆಯುತ್ತಾರೆ? ಅದಕ್ಕೆ 'ಹುಳಿ ಖಾರ' ಎಂದು ಬರೆದು ಎದ್ದುಹೋಗುತ್ತಿದ್ದರು. ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಪಂಕ್ತಿ ಕೂತ ಮೇಲೆ ಬಿಸಿಬಿಸಿ ಬೇಯಿಸಿ ತರುವ ಏರ್ಪಾಡಾಯಿತು. ಬೇಡವೆಂದವರಿಗೆ ಗೋಧಿ ನುಚ್ಚಿನ ಉಪ್ಪಿಟ್ಟು. ರಾತ್ರಿಯ ಬಕೆಟ್ 11 ಕಿಲೋದಿಂದ 4ಕ್ಕೆ ಇಳಿಯಿತು.

ಅದರ ಜೊತೆಗೆ ರುಚಿ ಪಾಳಿ ಶುರು ಮಾಡಿದೆವು. ಪ್ರತಿ ಊಟಕ್ಕೆ ಅರ್ಧ ಗಂಟೆ ಮುಂಚೆ ಇಬ್ಬರು ನಿವಾಸಿಗಳು ಅಡುಗೆಮನೆಗೆ ಹೋಗಿ ಎಲ್ಲದರ ರುಚಿ ನೋಡಿ, ಒಬ್ಬರದನ್ನು ಒಬ್ಬರು ನೋಡದೆ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು. ನಿವೃತ್ತ ಪ್ರೊಫೆಸರ್ ಒಬ್ಬರು ದಿನಾ ಉಪ್ಪಿಲ್ಲ ಎಂದೇ ಬರೆಯುತ್ತಿದ್ದರು. ಬಿಪಿ ಇರುವ ಮನುಷ್ಯ ಬೇರೆ. "ಉಪ್ಪು ಸರಿಯಾಗೇ ಇದೆ, ನಾಲಿಗೆ ಹಳೇದಾಗಿದೆ" ಎಂದರು ಭಟ್ಟರು. ನಾನು ಮನಸಾರೆ ನಕ್ಕೆ.

ಇಷ್ಟೆಲ್ಲ ಆದ ಮೇಲೆ ನಮಗೆ ಸ್ವಲ್ಪ ಕೊಬ್ಬು ಬಂತು ಅಂತಲೇ ಹೇಳಬೇಕು. ರಾತ್ರಿ ಊಟ ಏಳಕ್ಕೆ ಬೇಗವಾಯಿತು, ಏಳೂ ಮುಕ್ಕಾಲಿಗೆ ಇರಲಿ ಎಂದು ಕೆಲವರು ಕೇಳಿದರು. ಮಂಡಳಿಯ ಮೀಟಿಂಗ್ ಕರೆದೆವು. 52 ಜನ ಬಂದರು, 41 ಕೈ ಮೇಲೆದ್ದಿತು. ಚಪ್ಪಾಳೆ ತಟ್ಟಿ ಕಾಫಿ ಕುಡಿದೆವು. ಒಂಬತ್ತನೇ ದಿನ ರಾತ್ರಿ ನಾಲ್ಕನೇ ಮಹಡಿಯಲ್ಲಿ ನರ್ಸ್ ಕರೆಯುವ ಗಂಟೆ ಹೊಡೆಯಿತು. ಅಲ್ಲಿದ್ದ ರಾಯರಿಗೆ 84 ವರ್ಷ. ರೂಮಿಗೇ ಊಟ ತರಿಸುವವರು. ಸಂಜೆ ಆರೂವರೆಗೆ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುವುದು ಅವರ ಹನ್ನೆರಡು ವರ್ಷದ ಅಭ್ಯಾಸ. ಊಟದ ಹಾಲ್ ಮುಗಿಸಿ ರೂಮುಗಳಿಗೆ ಬರುವಷ್ಟರಲ್ಲಿ ಈಗ ಎಂಟೂ ಇಪ್ಪತ್ತು. ನರ್ಸ್ ನೋಡಿದಾಗ ಶುಗರ್ 48ಕ್ಕೆ ಕುಸಿದಿತ್ತು. ಮೈಯೆಲ್ಲ ಬೆವರು, ಮಾತು ತೊದಲು. ಎಚ್ಚರವಿದ್ದುದರಿಂದ ಗ್ಲೂಕೋಸ್ ಕುಡಿಸಿದರು, ಹುಷಾರಾದರು. ಮರುದಿನ ನಾನು ಕ್ಷಮೆ ಕೇಳಲು ಹೋದೆ. "ಹೊತ್ತು ಬದಲಾಗಿದೆ ಅಂತ ನನಗ್ಯಾರೂ ಹೇಳಲೇ ಇಲ್ಲವಲ್ಲ ತಾಯಿ" ಎಂದರು, ಅಷ್ಟೇ.

ಈ ಬಾರಿ ತಪ್ಪು ಕಂಪನಿಯದಲ್ಲ. ನಮ್ಮದು. ಹೊತ್ತು ಬದಲಿಸಿದವರು ನಾವು, ಬೋರ್ಡಿನ ಮೇಲೆ ಚೀಟಿ ಅಂಟಿಸಿ ಸುಮ್ಮನಾದವರೂ ನಾವೇ. ಆ ಹಳೆಯ ಶೇ 12ರ ಚೀಟಿಗೂ ಇದಕ್ಕೂ ಏನು ವ್ಯತ್ಯಾಸ? ಆವತ್ತು ಕೂತು ಎಣಿಸಿದೆ. ರೂಮಿನಲ್ಲೇ ಊಟ ಮಾಡುವವರು 27 ಜನ. ನಮ್ಮ ಒಂದು ಮೀಟಿಂಗಿಗೂ ಅವರಲ್ಲಿ ಒಬ್ಬರೂ ಬಂದಿರಲಿಲ್ಲ. ಬರಲು ಆಗುವುದಿಲ್ಲ, ಅದಕ್ಕೇ ಅಲ್ವಾ ಅವರು ರೂಮಿನಲ್ಲಿರುವುದು.

ಏಳು ಗಂಟೆಯ ಊಟ ಮತ್ತೆ ಬಂತು. ಅದಕ್ಕಿಂತ ಮುಖ್ಯವಾಗಿ ಬಾಗಿಲು ಮೀಟಿಂಗ್ ಬಂತು. ಯಾವುದೇ ವಿಷಯ ಓಟಿಗೆ ಹಾಕುವ ಮುಂಚಿನ ವಾರ ಇಬ್ಬಿಬ್ಬರು ಆ ಮನೆಗಳಿಗೆಲ್ಲ ಹೋಗಬೇಕು. ನಿಂತು ಮಾತಾಡುವಂತಿಲ್ಲ, ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂರಬೇಕು. ಕಿವಿ ಕೇಳದವರಿಗೆ ಒಂದು ಸ್ಲೇಟು, ದಪ್ಪ ಅಕ್ಷರ. ಮೂರಕ್ಕಿಂತ ಜಾಸ್ತಿ ಪ್ರಶ್ನೆ ಇಲ್ಲ. ಮರೆವಿನ ಕಾಯಿಲೆ ಇರುವವರನ್ನೂ ಕೇಳುತ್ತೇವೆ, ಜೊತೆಗೆ ಅವರ ಆಯಾಗಳನ್ನೂ ಕೇಳುತ್ತೇವೆ. ಆಯಾಗಳು ನಿವಾಸಿಗಳಲ್ಲ, ಅವರ ಮಾತೇಕೆ ಎಂದು ಒಬ್ಬರು ಆಕ್ಷೇಪ ಎತ್ತಿದರು. ಅಜ್ಜಿ ಯಾವ ಹೊತ್ತಿಗೆ ಹೆದರುತ್ತಾರೆ, ಯಾವ ಶಬ್ದಕ್ಕೆ ಬೆಚ್ಚುತ್ತಾರೆ ಎನ್ನುವುದು ಆಯಾಗೆ ಗೊತ್ತಿರುವಷ್ಟು ನಮಗಾಗಲಿ ಮಗನಿಗಾಗಲಿ ಗೊತ್ತಿಲ್ಲ.

ನಾವು ಕೇಳದ ಪ್ರಶ್ನೆಗಳಿಗೂ ಅಲ್ಲಿ ಉತ್ತರ ಸಿಗುತ್ತದೆ. ಎರಡು ವರ್ಷದಿಂದ ಹಾಸಿಗೆ ಹಿಡಿದ ಟೀಚರಮ್ಮ ಒಬ್ಬರ ಹತ್ತಿರ ಲಿಫ್ಟ್ ರಿಪೇರಿ ವಿಷಯ ಕೇಳಲು ಹೋಗಿದ್ದೆವು. ಅದನ್ನು ಪಕ್ಕಕ್ಕಿಟ್ಟು ಅವರು ಹೇಳಿದರು: "ಇಲ್ಲಿ ಯಾರಾದರೂ ಹೋದರೆ ನನಗೆ ಆವತ್ತೇ ಹೇಳಿ. ನಾಲ್ಕು ದಿನ ಬಿಟ್ಟು ಯಾರದೋ ಬಾಯಲ್ಲಿ ಕೇಳೋದು ಬೇಡ." ಸಾವಾದರೆ ಹಿಂದಿನ ಗೇಟಿನಿಂದ ಆಂಬುಲೆನ್ಸ್, ಯಾರಿಗೂ ಸುದ್ದಿ ಬೇಡ ಎನ್ನುವುದು ಕಂಪನಿಯ ಪದ್ಧತಿಯಾಗಿತ್ತು. ಬೇರೆಯವರು ಹೆದರುತ್ತಾರಂತೆ. 27 ಮನೆಯಲ್ಲೂ ಕೇಳಿದೆವು. ಗೊತ್ತಾಗುವುದೇ ಬೇಡ ಎಂದವರು ಇಬ್ಬರು ಮಾತ್ರ. ಈಗ ಪ್ರತಿ ಮಹಡಿಗೂ ಒಬ್ಬರು ಹೋಗಿ, ಆ ಇಬ್ಬರ ಬಾಗಿಲು ಬಿಟ್ಟು, ಮೆಲ್ಲಗೆ ಹೇಳಿ ಬರುತ್ತಾರೆ.

ಒಂದು ತಾಪತ್ರಯ ಬೇರೆ ಸಂಘಗಳಲ್ಲಿ ಇಷ್ಟಿರುವುದಿಲ್ಲ: ಪದಾಧಿಕಾರಿಗಳಿಗೂ ವಯಸ್ಸಾಗುತ್ತದೆ. ನಮ್ಮ ಮೊದಲ ಖಜಾಂಚಿಗೆ ಲಕ್ವ ಹೊಡೆಯಿತು. ಬ್ಯಾಂಕ್ ಪಾಸ್‌ವರ್ಡ್ ಅವರ ತಲೆಯಲ್ಲಿತ್ತು, ಮಾತು ನಿಂತಿತ್ತು. ಕೆಲಸದವರ ಸಂಬಳ ಹದಿನೆಂಟು ದಿನ ತಡವಾಯಿತು. ಬ್ಯಾಂಕಿನವಳಾಗಿ ಇದನ್ನು ಮೊದಲೇ ಯೋಚಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಈಗ ಪ್ರತಿ ಹುದ್ದೆಗೂ ಜೋಡಿ. ಒಬ್ಬರು ಮಲಗಿದರೆ ಇನ್ನೊಬ್ಬರು. ಚೆಕ್ಕಿಗೆ ಮೂವರಲ್ಲಿ ಯಾರಾದರೂ ಇಬ್ಬರ ಸಹಿ. ಯಾವ ಕೆಲಸ, ಯಾರ ಫೋನು, ಯಾವ ತಾರೀಖು ಎಲ್ಲ ಒಂದು ನೀಲಿ ಪುಸ್ತಕದಲ್ಲಿ. ಜೋಡಿ ಮಾಡುವಾಗ ಇಬ್ಬರಿಗೂ 80 ದಾಟಿರಬಾರದು ಎಂಬ ನಿಯಮ ತರಲು ಹೋಗಿ ಬೈಸಿಕೊಂಡೆ. ಆದರೂ ಗುಟ್ಟಾಗಿ ಹಾಗೇ ಮಾಡುತ್ತೇನೆ.

ನಾವು ಮುಟ್ಟದೆ ಬಿಟ್ಟದ್ದೂ ಇದೆ. ನರ್ಸಿಂಗ್ ಕಂಪನಿಯ ಜವಾಬ್ದಾರಿಯೇ. ರಾತ್ರಿ ಎರಡಕ್ಕೆ ಎದೆನೋವು ಬಂದಾಗ ಕಮಿಟಿ ಕೂರಲು ಆಗುವುದಿಲ್ಲ. ಕೆಲಸದವರನ್ನು ನಿವಾಸಿಗಳು ನೇರವಾಗಿ ಗದರುವುದನ್ನೂ ನಿಲ್ಲಿಸಿದೆವು. ನಿವೃತ್ತ ಸೇನಾಧಿಕಾರಿಯೊಬ್ಬರು ಬೆಳಗ್ಗೆ ಹೌಸ್‌ಕೀಪಿಂಗ್ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಅವರಿಗೆ ಜನರೇಟರಿನ ಡೀಸೆಲ್ ಲೆಕ್ಕ ಒಪ್ಪಿಸಿದೆವು. ಈಗ ಡೀಸೆಲ್ ಬಹಳ ಶಿಸ್ತಿನಲ್ಲಿದೆ.

ಹೋದ ತಿಂಗಳು ರುಚಿ ಪಾಳಿಯಲ್ಲಿ ನಾನು 'ಸಾರಿಗೆ ಉಪ್ಪು ಸಾಲದು' ಎಂದು ಬರೆದೆ. ನನ್ನ ಜೋಡಿಯವರ ಚೀಟಿಯಲ್ಲಿ 'ಸರಿಯಾಗಿದೆ' ಎಂದಿತ್ತು. ಮರುವಾರವೂ ಅದೇ. ಅದರ ಮುಂದಿನ ವಾರವೂ ಅದೇ. ಭಟ್ಟರು ಏನೂ ಅನ್ನಲಿಲ್ಲ, ಸುಮ್ನೆ ಸೌಟು ತೊಳೆಯುತ್ತಾ ನಿಂತರು. ಈ ಸೋಮವಾರದಿಂದ ನನ್ನ ಪಾಳಿಯನ್ನು ಸಿ ಬ್ಲಾಕಿನವರೊಬ್ಬರು ವಹಿಸಿಕೊಂಡಿದ್ದಾರೆ. ಚಪಾತಿ ಮೆತ್ತಗಿದೆಯಾ ಎಂದು ನೋಡುವ ಕೆಲಸ ಮಾತ್ರ ನಾನೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಹಲ್ಲುಸೆಟ್ಟಿದ್ದರೆ ಸಾಕು, ನನ್ನದು ಹೋದ ದೀಪಾವಳಿಗೆ ಮಾಡಿಸಿದ್ದು.