ದೊಡ್ಡಮ್ಮನ ಪಾಸ್‌ಬುಕ್ ದೊಡ್ಡಮ್ಮನ ಬಳಿಯೇ ಇರಲಿ

ಕಳೆದ ಮಳೆಗಾಲಕ್ಕೆ ಮುಂಚೆ, ಕೊಡಗಿನ ನಾಪೋಕ್ಲು ಹತ್ತಿರ ಒಂಟಿಯಾಗಿದ್ದ ನಮ್ಮ ದೊಡ್ಡಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಿದೆವು. ಸೀರೆ, ಮಾತ್ರೆ, ದೇವರ ಫೋಟೊ ಎಲ್ಲವನ್ನೂ ನಾವು ಕಟ್ಟಿದೆವು. ಒಂದು ಬಿಸ್ಕತ್ ಡಬ್ಬಿಯನ್ನು ಮಾತ್ರ ಅವರು ಯಾರಿಗೂ ಕೊಡದೆ ತಾವೇ ಹಿಡಿದುಕೊಂಡು ಜೀಪು ಹತ್ತಿದರು. ಒಳಗೆ ಪಾಸ್‌ಬುಕ್ ಇತ್ತು. ಬೂಷ್ಟು ಹಿಡಿಯಬಾರದೆಂದು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕರ್ಪೂರದ ತುಂಡು ಹಾಕಿಟ್ಟಿದ್ದರು. "ಇನ್ನು ಅದ್ಯಾಕೆ ನಿಮಗೆ, ನಾವು ನೋಡ್ಕೊಳ್ತೀವಲ್ಲ" ಅಂದುಬಿಟ್ಟೆ. ಅವರ ಮುಖ ಇಳಿದುಹೋಯಿತು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು, ಆದರೂ ಆಡಬಾರದಿತ್ತು.

ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು, ಹಿರಿಯರು ಹೋಂ ನರ್ಸ್ ಜೊತೆಗೋ ಆಶ್ರಮದಲ್ಲೋ ಇರುವ ಮನೆಗಳು ಕೊಡಗಿನಲ್ಲಿ ಎಷ್ಟಿಲ್ಲ! ನೋಡಿಕೊಳ್ಳುವವರು ಬದಲಾದರೂ ದುಡ್ಡಿನ ಒಡೆತನ ಬದಲಾಗದ ಹಾಗೆ ವ್ಯವಸ್ಥೆ ಮಾಡುವುದು ಹೇಗೆ ಎಂಬುದು ಇಲ್ಲಿದೆ. ನೆನಪು ಗಟ್ಟಿ ಇರುವಾಗಲೇ ಮಾಡಬೇಕಾದ ಕೆಲಸ ಇದು.

ಹೆಜ್ಜೆ 1: ಏನು ಬರುತ್ತಿದೆ, ಏನು ಬರಬೇಕಿತ್ತು?

ಒಂದು ನೋಟ್‌ಬುಕ್ ತನ್ನಿ. ಎಡಗಡೆ ಪುಟದಲ್ಲಿ ಈಗ ಬರುತ್ತಿರುವ ಹಣ, ಬಲಗಡೆ ಬರಬೇಕಾಗಿದ್ದ ಹಣ ಬರೆಯಿರಿ. ನಮಗೆ ದೊಡ್ಡ ತಪ್ಪು ಸಿಕ್ಕಿದ್ದು ಹೀಗೆಯೇ.

ದೊಡ್ಡಪ್ಪ ಸೈನ್ಯದಲ್ಲಿದ್ದವರು. ದೊಡ್ಡಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ. ಸೈನ್ಯ ಮತ್ತು ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚಾಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರು ತುಂಬಿದರೆ ಪಿಂಚಣಿಯೇ ಎರಡರಷ್ಟು. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಪಿಂಚಣಿಗೂ ಇದೇ ಲೆಕ್ಕ. ದೊಡ್ಡಮ್ಮನಿಗೆ ಆಗ 83. ಹೆಚ್ಚುವರಿ ಒಂದು ರೂಪಾಯಿಯೂ ಬಂದಿರಲಿಲ್ಲ. ಪಿಂಚಣಿ ಆದೇಶ ತೆಗೆದು ನೋಡಿದರೆ ದೊಡ್ಡಪ್ಪನ ಹುಟ್ಟಿದ ದಿನ ಇತ್ತು, ದೊಡ್ಡಮ್ಮನದ್ದಿರಬೇಕಾದ ಜಾಗ ಖಾಲಿ. ವಯಸ್ಸೇ ದಾಖಲೆಯಲ್ಲಿ ಇಲ್ಲದವರಿಗೆ 80 ಆಗುವುದು ಹೇಗೆ? ವಯಸ್ಸಿನ ದಾಖಲೆ ಕೊಟ್ಟು, ನಾಲ್ಕಾರು ಸಲ ಅಲೆದ ಮೇಲೆ ಬಾಕಿ ಸಮೇತ ಬಂತು. ನಿಮ್ಮ ಮನೆಯಲ್ಲಿ ಸೈನಿಕರ ವಿಧವೆ ಇದ್ದರೆ ಇವತ್ತೇ ಆ ಕಾಗದ ತೆಗೆದು ನೋಡಿ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲೂ ವಿಚಾರಿಸಬಹುದು.

ತೋಟದ ಕೆಲಸದಲ್ಲಿ ಪಿ.ಎಫ್. (ಭವಿಷ್ಯ ನಿಧಿ) ಕಟ್ಟಿದವರಿಗೆ ಇ.ಪಿ.ಎಸ್., ಅಂದರೆ ನೌಕರರ ಪಿಂಚಣಿ ಯೋಜನೆಯ ಪಿಂಚಣಿ ಇರಬಹುದು. 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ ₹1,000. ಗಂಡ ತೀರಿಹೋಗಿದ್ದರೆ ಹೆಂಡತಿಗೂ ಪಾಲಿದೆ. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಯಾವ ಪಿಂಚಣಿಯೂ ಇಲ್ಲದ ಬಡವರಿಗೆ 60 ತುಂಬಿದರೆ ವೃದ್ಧಾಪ್ಯ ವೇತನ ₹800, 65 ದಾಟಿದರೆ ಸಂಧ್ಯಾ ಸುರಕ್ಷಾ ₹1,200. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಹಿಡಿದು ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ಅಜ್ಜಿ ರೇಷನ್ ಕಾರ್ಡಿನ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ ₹2,000 ಅವರ ಖಾತೆಗೇ ಬರುತ್ತಿರುತ್ತದೆ. ಆಶ್ರಮಕ್ಕೆ ಹೋದರು ಎಂದು ಅವಸರದಲ್ಲಿ ಕಾರ್ಡು ತಿದ್ದಿಸುವ ಮುಂಚೆ ಇದನ್ನು ಯೋಚಿಸಿ.

ಹೆಜ್ಜೆ 2: ಬರುವುದು ನಿಲ್ಲದಿರಲಿ

ಸರ್ಕಾರಿ ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಜೀವಂತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಇ.ಪಿ.ಎಸ್.ನವರು ಯಾವ ತಿಂಗಳು ಕೊಟ್ಟರೂ ಸರಿ, ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಜೀವಮಾನವೆಲ್ಲ ಕಾಫಿ ಕುಯ್ದು, ಮೆಣಸು ಬಿಡಿಸಿ ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಅಜ್ಜಿಯ ಕೈಯನ್ನು ಹತ್ತು ಸಲ ಒತ್ತಿಸಿ ನೋಯಿಸಬೇಡಿ. ಆನ್‌ಲೈನಿನಲ್ಲಿ ಈ ಪ್ರಮಾಣಪತ್ರ ಕೊಡುವ ಜೀವನ್ ಪ್ರಮಾಣ್‌ನಲ್ಲಿ ಮುಖ ಗುರುತಿನ ವ್ಯವಸ್ಥೆ ಇದೆ, ಮೊಬೈಲಿನಲ್ಲೇ ಆಗುತ್ತದೆ. ಬೆಳಕು, ನೆಟ್‌ವರ್ಕ್ ಎರಡೂ ಇರುವ ದಿನ ನೋಡಿಕೊಂಡರೆ ಸಾಕು.

ಸಂಧ್ಯಾ ಸುರಕ್ಷಾ ಪಡೆಯುವವರು ಊರು ಬಿಟ್ಟು ಆಶ್ರಮ ಸೇರಿದರೆ ಗ್ರಾಮ ಆಡಳಿತಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಪರಿಶೀಲನೆಗೆ ಬಂದಾಗ ಮನೆಗೆ ಬೀಗ ಕಂಡರೆ ಪಿಂಚಣಿ ನಿಂತೀತು.

ಹೆಜ್ಜೆ 3: ಬ್ಯಾಂಕಿನಲ್ಲಿ

ಎ.ಟಿ.ಎಂ. ಕಾರ್ಡನ್ನೂ ಪಿನ್ ನಂಬರನ್ನೂ ಹೋಂ ನರ್ಸ್ ಕೈಗೋ ಮೊಮ್ಮಗನ ಕೈಗೋ ಕೊಡುವುದು ಸುಲಭ. ಅದೇ ಎಲ್ಲ ರಗಳೆಯ ಮೂಲ. ನಂಬಿಕಸ್ಥರ ಮೇಲೂ ಅನುಮಾನ ಬರುವುದು ಲೆಕ್ಕ ಇಲ್ಲದಾಗ.

ಸರ್ಕಾರಿ ಪಿಂಚಣಿ ಬರುವ ಖಾತೆಯನ್ನು ಗಂಡ ಅಥವಾ ಹೆಂಡತಿಯ ಜೊತೆ ಮಾತ್ರ ಜಂಟಿ ಮಾಡಬಹುದು. ಬೇರೆ ಉಳಿತಾಯ ಖಾತೆಯಾದರೆ, ಹಿರಿಯರು ಒಪ್ಪಿದರೆ, ಒಬ್ಬ ಮಗನನ್ನೋ ಮಗಳನ್ನೋ ಸೇರಿಸಿ ಜಂಟಿ ಖಾತೆ ಮಾಡಿ. 'ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು' ಎಂಬ ಷರತ್ತಿರಲಿ. ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ನೆಮ್ಮದಿಯಾಗಿ ಇರಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾಯ್ದೆಯ ಪ್ರಕಾರ ಆ ಅಧಿಕಾರ ಮುಗಿದುಹೋಗುತ್ತದೆ. ಹೆಚ್ಚು ಅಗತ್ಯ ಬೀಳುವ ಹೊತ್ತಿಗೇ ಅದು ಕೈಕೊಡುತ್ತದೆ, ಆಮೇಲೆ ಕೋರ್ಟು ಅಲೆಯಬೇಕು.

ಹಾಸಿಗೆ ಹಿಡಿದವರನ್ನು ಎತ್ತಿಕೊಂಡು ಬ್ಯಾಂಕಿಗೆ ಹೋಗಬೇಕಿಲ್ಲ. ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು. ಕೈಯೂ ಆಗದಿದ್ದರೆ ಕಾಲಿನ ಹೆಬ್ಬೆರಳೂ ನಡೆಯುತ್ತದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ. 70 ದಾಟಿದವರಿಗೆ ಮನೆಬಾಗಿಲಿಗೆ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಕೌಂಟರಿನಲ್ಲಿ "ಹಾಗೆಲ್ಲ ಇಲ್ಲ" ಅಂದರೆ ಮ್ಯಾನೇಜರರಿಗೆ ಅರ್ಜಿ ಬರೆದುಕೊಡಿ.

2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರ ತನಕ ನಾಮಿನಿ ಮಾಡಬಹುದು. ನಾಮಿನಿ ಹಣ ಪಡೆದುಕೊಳ್ಳುವವರು ಅಷ್ಟೇ, ವಾರಸುದಾರಿಕೆ ಬೇರೆ ವಿಷಯ.

ಹೆಜ್ಜೆ 4: ಆಶ್ರಮದ ಲೆಕ್ಕ, ಕೈಖರ್ಚು

ಸೇರಿಸುವಾಗಲೇ ಕೇಳಿ: ತಿಂಗಳ ಶುಲ್ಕದಲ್ಲಿ ಔಷಧಿ, ಡೈಪರ್, ಆಸ್ಪತ್ರೆಗೆ ಹೋಗುವ ಗಾಡಿ ಸೇರಿದೆಯೇ? ಮುಂಗಡ ಹಣ ಯಾವಾಗ, ಎಷ್ಟು ವಾಪಸ್? ಕಾಗದದಲ್ಲಿ ಬರೆಸಿಕೊಳ್ಳಿ, ರಸೀದಿ ಪಡೆಯಿರಿ. ಪಿಂಚಣಿ ಖಾತೆಯ ಕಾರ್ಡು ಒಪ್ಪಿಸಿ ಎನ್ನುವ ಕಡೆ ಸೇರಿಸದಿರುವುದೇ ಕ್ಷೇಮ.

ಇಷ್ಟಾದ ಮೇಲೆ ಕೈಖರ್ಚಿಗೆ ಸ್ವಲ್ಪ ಅವರ ಬಳಿಯೇ ಇರಲಿ. ದೊಡ್ಡಮ್ಮ ತಿಂಗಳಿಗೆ ₹500 ಇಟ್ಟುಕೊಳ್ಳುತ್ತಾರೆ, ಹತ್ತು ಇಪ್ಪತ್ತರ ನೋಟುಗಳಲ್ಲೇ ಬೇಕು. ಎಲೆಅಡಿಕೆ ತರಿಸುತ್ತಾರೆ. ಪುತ್ತರಿ ಹಬ್ಬಕ್ಕೆ ನಾವು ಹೋದಾಗ ನನ್ನ ಮಗಳ ಅಂಗೈಯಲ್ಲಿ ಐವತ್ತು ರೂಪಾಯಿ ಇಟ್ಟು ಬೆರಳು ಮಡಿಸಿದರು. ಆ ಐವತ್ತಕ್ಕೆ ನಾನು ಲೆಕ್ಕ ಕೇಳುವುದಿಲ್ಲ. ಮಿಕ್ಕ ಖರ್ಚನ್ನೆಲ್ಲ ತಿಂಗಳ ಕೊನೆಗೆ ನೋಟ್‌ಬುಕ್ಕಿನಿಂದ ಅವರಿಗೆ ಓದಿ ಹೇಳುತ್ತೇನೆ. ಅರ್ಧದಲ್ಲಿ ನಿದ್ದೆ ಹೋಗುತ್ತಾರೆ, ಆದರೂ ಓದುತ್ತೇನೆ.

ಹೆಜ್ಜೆ 5: ತೋಟ ಬರೆದುಕೊಡುವ ಮುಂಚೆ

"ನೋಡಿಕೊಳ್ಳುತ್ತೇನೆ" ಎಂಬ ಬಾಯಿಮಾತಿಗೆ ತೋಟ ದಾನಪತ್ರ ಮಾಡಿಕೊಟ್ಟು ಆಮೇಲೆ ಕಣ್ಣೀರಿಡುವವರನ್ನು ಕಂಡಿದ್ದೇನೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆರೈಕೆ ಮಾಡದಿದ್ದರೆ ರದ್ದು ಮಾಡಿಸಬಹುದು. ಆ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಾಗಿ ಊಟ, ಔಷಧಿ, ವಾಸ ಎಲ್ಲವನ್ನೂ ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗ ಒಕ್ಕದ, ಅಂದರೆ ಮನೆತನದ, ಹೆಸರಲ್ಲಿದ್ದರೆ ವಿಚಾರವೇ ಬೇರೆ, ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಮಕ್ಕಳು ಖರ್ಚಿಗೆ ಕೊಡದಿದ್ದರೆ ಇದೇ ಕಾಯ್ದೆಯಡಿ ಮಡಿಕೇರಿಯ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ತಿಂಗಳಿಗೆ ₹10,000ದವರೆಗೆ ಜೀವನಾಂಶ ಕೊಡಿಸಲು ಅವಕಾಶವಿದೆ. ಹಿರಿಯರಿಗೆ ಬರಲಾಗದಿದ್ದರೆ ಅವರ ಒಪ್ಪಿಗೆಯಿಂದ ಬೇರೆಯವರೂ ಅರ್ಜಿ ಕೊಡಬಹುದು.

ಕೊನೆಗೆ ಎರಡು ನಂಬರು. ಹಿರಿಯರ ಸಹಾಯವಾಣಿ 14567. ಫೋನಿನಲ್ಲಿ ಬೆದರಿಸಿಯೋ ಓ.ಟಿ.ಪಿ. ಕೇಳಿಯೋ ಯಾರಾದರೂ ಹಣ ಎಗರಿಸಿದರೆ ತಡಮಾಡದೆ 1930. ಇವೆರಡನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಕನ್ನಡಕ ಇಲ್ಲದೆಯೂ ಕಾಣುವಷ್ಟು ದೊಡ್ಡದಾಗಿ ಬರೆದಿಡಿ.