ಹನೋವೇರಿಯನ್ ಕುದುರೆ ಸಾಕಲು ಹೊರಟ ಜರ್ಮನಿಯ ಕನ್ನಡಿಗರಿಗೆ: ಮೊದಲು ತಾಯಿವಂಶ ನೋಡಿ

ಲೋವರ್ ಸ್ಯಾಕ್ಸನಿಯಲ್ಲಿ ನೆಲೆಸಿ, ಒಂದು ಹೆಣ್ಣು ಕುದುರೆಯನ್ನು ಕೊಂಡು ಮರಿ ಪಡೆಯಬೇಕೆಂದಿರುವವರು ಮೊದಲು ವಿಚಾರಿಸುವುದು ಯಾವ ಗಂಡು ಕುದುರೆ ಒಳ್ಳೆಯದು ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಹೆಸರಾಂತ ಗಂಡು ಕುದುರೆಯ ವೀರ್ಯವು ಶುಲ್ಕ ಕಟ್ಟಿದರೆ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬರುತ್ತದೆ. ಒಳ್ಳೆಯ ತಾಯಿವಂಶವನ್ನು ಒಡೆಯರು ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ.

ಕುಣಿಗಲ್ಲಿನ ಕುದುರೆ ಫಾರಂ ಕಂಡವರಿಗೆ ಪರಿಚಯವಿರುವುದು ರೇಸಿನ ಥರೋಬ್ರೆಡ್ ಪದ್ಧತಿ. ಅಲ್ಲಿ ವಂಶಪುಸ್ತಕ ಹೊರಗಿನ ತಳಿಗಳಿಗೆ ಮುಚ್ಚಿದ್ದು, ಸಹಜ ಕೂಡಿಕೆಯಿಂದ ಹುಟ್ಟಿದ ಮರಿಗೆ ಮಾತ್ರ ನೋಂದಣಿ. ಹನೋವೇರಿಯನ್‌ನಂಥ ಸವಾರಿ ಕುದುರೆಗಳ, ಅಂದರೆ ವಾರ್ಮ್‌ಬ್ಲಡ್ ತಳಿಗಳ, ಪದ್ಧತಿ ಇದಕ್ಕೆ ತದ್ವಿರುದ್ಧ. 1735ರಲ್ಲಿ ತ್ಸೆಲ್ಲೆ ಪಟ್ಟಣದಲ್ಲಿ ಸರ್ಕಾರಿ ಅಶ್ವಶಾಲೆ ಸ್ಥಾಪನೆಯಾಯಿತು, 1888ರಲ್ಲಿ ಹನೋವೇರಿಯನ್ ವಂಶಪುಸ್ತಕ ಆರಂಭವಾಯಿತು. ಈಗ ಅದನ್ನು ನಡೆಸುವ ತಳಿಸಂಘದ ಕಚೇರಿ ಫೇರ್ಡೆನ್‌ನಲ್ಲಿದೆ. ಕೃತಕ ಗರ್ಭಧಾರಣೆ ಇಲ್ಲಿ ದಿನನಿತ್ಯದ ಸಂಗತಿ. ಪರೀಕ್ಷೆಯಲ್ಲಿ ಒಪ್ಪಿಗೆ ಪಡೆದ ಥರೋಬ್ರೆಡ್, ಟ್ರಾಕೇನರ್ ಮುಂತಾದ ಹೊರಗಿನ ರಕ್ತಕ್ಕೂ ಪುಸ್ತಕದಲ್ಲಿ ಜಾಗವಿದೆ.

ಕುದುರೆಯ ವಂಶಪತ್ರದಲ್ಲಿ ತಂದೆಯ ಕಡೆ ಮೇಲ್ಭಾಗದಲ್ಲೂ ತಾಯಿಯ ಕಡೆ ಕೆಳಭಾಗದಲ್ಲೂ ಇರುತ್ತದೆ. ಕಣ್ಣು ತಾನಾಗಿಯೇ ಮೇಲಿನ ಪ್ರಸಿದ್ಧ ಹೆಸರುಗಳತ್ತ ಹೋಗುತ್ತದೆ. ನೀವು ಮಾತ್ರ ಬೆರಳನ್ನು ತೀರಾ ಕೆಳಗಿನ ಅಂಚಿನಲ್ಲಿಟ್ಟು ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಬಲಕ್ಕೆ ಓದಿಕೊಂಡು ಹೋಗಿ. ಜರ್ಮನರು ‘ಶ್ಟೂಟನ್‌ಶ್ಟಾಮ್’ ಎನ್ನುವ ತಾಯಿವಂಶ ಇದೇ. ಹನೋವೇರಿಯನ್ ಮರಿಗೆ ತಂದೆಯ ಹೆಸರಿನ ಮೊದಲ ಅಕ್ಷರದಿಂದಲೇ ಹೆಸರಿಡುವ ರೂಢಿ ಇರುವುದರಿಂದ, ಒಂದೇ ತಾಯಿಯ ಮಕ್ಕಳ ಹೆಸರುಗಳಲ್ಲಿ ಸಂಬಂಧದ ಸುಳಿವೇ ಸಿಗುವುದಿಲ್ಲ. ನೆರೆಯ ಹೋಲ್‌ಸ್ಟೈನ್ ತಳಿಗಾರರು ತಾಯಿವಂಶಗಳಿಗೆ ಸಂಖ್ಯೆಗಳನ್ನೇ ಕೊಟ್ಟು ಈ ತೊಡಕನ್ನು ಕಳೆದುಕೊಂಡಿದ್ದಾರೆ. ಅದು ಹೆಚ್ಚು ಜಾಣತನದ ಕ್ರಮವೆಂದು ನನ್ನ ಅನಿಸಿಕೆ.

ಹೆಣ್ಣು ಕುದುರೆ ಸಾಮಾನ್ಯವಾಗಿ ಮೂರನೆಯ ವಯಸ್ಸಿನಲ್ಲಿ ವಂಶಪುಸ್ತಕದ ಪ್ರದರ್ಶನಕ್ಕೆ ಹೋಗುತ್ತದೆ. ಬಿಳಿ ಉಡುಪಿನವರೊಬ್ಬರು ಅದನ್ನು ಕೈಯಲ್ಲಿ ಹಿಡಿದು, ನಾಲ್ಕೂ ಕಾಲುಗಳು ಪಕ್ಕದಿಂದ ಬೇರೆಬೇರೆಯಾಗಿ ಕಾಣುವಂತೆ ನಿಲ್ಲಿಸಿ, ಬಳಿಕ ತ್ರಿಕೋನಾಕಾರದ ದಾರಿಯಲ್ಲಿ ನಡೆಸಿ, ಓಡಿಸುತ್ತಾರೆ. ತೀರ್ಪುಗಾರರು ಕುತ್ತಿಗೆ, ಕಾಲು, ನಡಿಗೆಗಳಿಗೆ ಹತ್ತರವರೆಗೆ ಅಂಕ ಕೊಡುತ್ತಾರೆ. ಅದಕ್ಕೆ ಪ್ರತ್ಯೇಕವಾದ ಸಾಮರ್ಥ್ಯ ಪರೀಕ್ಷೆಯಲ್ಲಿ ಸವಾರಿಗೆ ಒಗ್ಗುವ ಗುಣವನ್ನೂ ಸವಾರನಿಲ್ಲದೆ ಹಾರುವ ರೀತಿಯನ್ನೂ ನೋಡುತ್ತಾರೆ. ಎರಡರಲ್ಲೂ ಮೇಲುಗೈಯಾದ ಕುದುರೆಗಳಿಂದಲೇ ‘ಶ್ಟಾಟ್ಸ್‌ಪ್ರೇಮಿಯೆ’ (ಸರ್ಕಾರಿ ಬಹುಮಾನ) ಬಿರುದಿನವು ಬರುತ್ತವೆ. ಕೆಳಗಿನ ಅಂಚಿನಲ್ಲಿ ಸತತ ಮೂರು ತಲೆಮಾರಿಗೆ ಆ ಬಿರುದು ಕಂಡರೆ ಬೆಲೆ ಏರುವುದು ಸಹಜ.

ಮರಿ ಹುಟ್ಟಿದ ಮೇಲೆ ತಾಯಿಯ ಪಕ್ಕದಲ್ಲಿರುವಾಗಲೇ ಗುರುತು ದಾಖಲಾಗಿ, ಕುತ್ತಿಗೆಯ ಎಡಭಾಗಕ್ಕೆ ಮೈಕ್ರೋಚಿಪ್ ಬೀಳುತ್ತದೆ, ನಂತರ ಪಾಸ್‌ಪೋರ್ಟ್ ಬರುತ್ತದೆ. ಆದರೆ ಪಾಸ್‌ಪೋರ್ಟ್ ಕುದುರೆಯ ಗುರುತಿನ ಪತ್ರವೇ ಹೊರತು ಒಡೆತನದ ಪತ್ರವಲ್ಲ. ನಾನು ಮೊದಲ ಕುದುರೆ ಕೊಂಡಾಗ ಪಾಸ್‌ಪೋರ್ಟ್ ಕೈಗೆ ಬಂತೆಂದು ನಿಶ್ಚಿಂತನಾಗಿದ್ದು, ಒಡೆತನದ ಪತ್ರಕ್ಕಾಗಿ ಮಾರಿದವರ ಹಿಂದೆ ವಾರಗಟ್ಟಲೆ ಅಲೆದೆ. ಎರಡನ್ನೂ ಕೈಗೆ ತೆಗೆದುಕೊಂಡ ಮೇಲೆಯೇ ಹಣ ಕೊಡಿ. ಜರ್ಮನ್ ನಾಗರಿಕ ಸಂಹಿತೆಯ 833ನೆಯ ಕಲಮಿನಂತೆ, ಹವ್ಯಾಸಕ್ಕೆ ಸಾಕಿದ ಕುದುರೆ ಮಾಡಿದ ಹಾನಿಗೆ ಒಡೆಯನ ತಪ್ಪಿಲ್ಲದಿದ್ದರೂ ಹೊಣೆ ಅವನದೇ. ಆದ್ದರಿಂದ ಹೊಣೆಗಾರಿಕೆ ವಿಮೆ ಮೊದಲ ದಿನದಿಂದಲೇ ಇರಲಿ.

ಇಷ್ಟಾದ ಮೇಲೆ ಗಂಡು ಕುದುರೆಯ ಆಯ್ಕೆ. ಅದಕ್ಕೂ ಮುನ್ನ ನಿಮ್ಮ ಹೆಣ್ಣು ಕುದುರೆಗೆ ವಾರ್ಮ್‌ಬ್ಲಡ್ ಮರಿಗಳ ಚರ್ಮ ಹರಿಯುವ ಆನುವಂಶಿಕ ರೋಗದ ಪರೀಕ್ಷೆ ಮಾಡಿಸಿ. ತಂದೆತಾಯಿ ಇಬ್ಬರೂ ಅದರ ವಾಹಕರಾದರೆ, ಪ್ರತಿ ಗರ್ಭಕ್ಕೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಗರ್ಭಕ್ಕೆ ಸುಮಾರು ಹನ್ನೊಂದು ತಿಂಗಳು, ಹೆಣ್ಣು ಮರಿ ಪ್ರದರ್ಶನಕ್ಕೆ ನಿಲ್ಲಲು ಮತ್ತೆ ಮೂರು ವರ್ಷ. ಮೊದಲ ಹೆಣ್ಣು ಮರಿಯನ್ನು ಎಳೆಯದರಲ್ಲೇ ಮಾರಿದರೆ ನಿಮ್ಮ ವಂಶದ ಮೊದಲ ಅಂಕಪಟ್ಟಿ ಬೇರೆಯವರ ಲಾಯದಲ್ಲಿರುತ್ತದೆ.