ಕ್ನಿಷ್ ಬಾಯಿ ಬಿಡಬಾರದು ಅಂದ್ರೆ

ಅಂಗಡಿಯ ಪಫ್ ಪೇಸ್ಟ್ರಿ ಹಾಳೆಯಲ್ಲಿ ಆಲೂಗಡ್ಡೆ ಪಲ್ಯ ಸುತ್ತಿ, ಅದನ್ನೇ ಕ್ನಿಷ್ ಅಂತ ಬಡಿಸ್ತಾರಲ್ಲ, ನೋಡಿದರೆ ಮೈ ಉರಿಯುತ್ತೆ. ಪೂರ್ವ ಯುರೋಪಿನ ಯಹೂದಿ ಮನೆಗಳಿಂದ ವಲಸೆ ಬಂದವರ ಜೊತೆ ನ್ಯೂಯಾರ್ಕಿನ ತಳ್ಳುಗಾಡಿ ಹತ್ತಿದ, ತೆಳ್ಳನೆ ಕಣಕದಲ್ಲಿ ಆಲೂಗಡ್ಡೆ ಹೂರಣ ಸುತ್ತಿ ಒವನ್‌ನಲ್ಲಿ ಬೇಯಿಸುವ ತಿಂಡಿ ಅದು. ಅಲ್ಲಿನ ಹೌಸ್ಟನ್ ಬೀದಿಯ ಯೋನಾ ಶಿಮ್ಮೆಲ್ ಅಂಗಡಿ 1910ರಿಂದ ಇದನ್ನೇ ಮಾರುತ್ತಿದೆ.

ಹೂರಣದಲ್ಲಿ ನೀರಿರಬಾರದು. ಬೆಂದ ಆಲೂಗಡ್ಡೆ ಬಸಿದು, ಅದೇ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟು ತೇವ ಹಾರಿಸಿ, ಆಮೇಲೆ ಹಿಸುಕಿ. ಈರುಳ್ಳಿಗೆ ಜಿಪುಣತನ ಬೇಡ. ಬಾಣಲೆ ತುಂಬ ಹಾಕಿದ್ದು ಒಂದು ಹಿಡಿಗೆ ಇಳಿದು ಕಂದು ಬಣ್ಣಕ್ಕೆ ಬರಲು ಮುಕ್ಕಾಲು ಗಂಟೆ ಬೇಕು; ಉರಿ ಜೋರು ಮಾಡಿದರೆ ಅಂಚು ಸೀದು ಕಹಿಯಾಗುತ್ತೆ. ಹಳಬರು ಕರಗಿಸಿದ ಕೋಳಿ ಕೊಬ್ಬಿನಲ್ಲಿ ಹುರಿಯುತ್ತಿದ್ದರು. ಮಾಂಸಕ್ಕೆ ಹಾಲಿನ ಪದಾರ್ಥ ಸೋಕಿಸದ ಕಟ್ಟು ಅವರದು, ಹಾಗಾಗಿ ಕೊಬ್ಬು ಹಾಕಿದ ಮೇಲೆ ಬೆಣ್ಣೆ ಕೂಡದು. ಎಣ್ಣೆಯಲ್ಲೂ ಚೆನ್ನಾಗೇ ಆಗುತ್ತೆ. ಉಪ್ಪು, ಧಾರಾಳವಾಗಿ ಕರಿಮೆಣಸು, ಅಷ್ಟೇ. ಅರಿಸಿನ, ಹಸಿಮೆಣಸಿನಕಾಯಿ ಹಾಕಿದರೆ ಅದು ಬೇರೆ ತಿಂಡಿ.

ಕಣಕಕ್ಕೆ ಮೈದಾ, ಚೂರು ಬೇಕಿಂಗ್ ಪೌಡರ್, ಒಂದು ಮೊಟ್ಟೆ, ಕೈತುಂಬ ಎಣ್ಣೆ, ಚಮಚ ವಿನೆಗರ್, ಬೆಚ್ಚನೆ ನೀರು. ಹೋಳಿಗೆ ಕಣಕದಂತೆ ಮೆತ್ತಗೆ ನಾದಿ, ಒಂದು ಗಂಟೆ ಮುಚ್ಚಿಡಿ. ನೆನೆಯದಿದ್ದರೆ ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತೆ. ಆಗಿನ ಅಜ್ಜಿಯರು ಊಟದ ಮೇಜಿಗೆ ಬಟ್ಟೆ ಹಾಸಿ, ಹಿಟ್ಟು ಉದುರಿಸಿ, ಕೆಳಗಿನ ನೇಯ್ಗೆ ಕಾಣುವಷ್ಟು ತೆಳ್ಳಗೆ ಎಳೆಯುತ್ತಿದ್ದರು. (ಆ ಬಟ್ಟೆಯನ್ನು ಕೊಡವಿ ಮೊದಲು ತಣ್ಣೀರಿಗೆ ಹಾಕಿ. ಬಿಸಿನೀರಿಗೆ ಹಾಕಿದರೆ ಹಿಟ್ಟು ಅಂಟಾಗಿ ಎಳೆಗೆ ಕಚ್ಚುತ್ತೆ.)

ಹೂರಣ ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಕಣಕ ಹರಿಯುತ್ತೆ. ಅಂಚಿಗೆ ಉದ್ದಕ್ಕೆ ಇಟ್ಟು, ಸಡಿಲವಾಗಿ ಎರಡು ಮೂರು ಸುತ್ತು ಸುತ್ತಿ. ಈಗ ಚಾಕು ಮುಟ್ಟಿದಿರೋ, ಕೆಟ್ಟಿತು! ಕತ್ತರಿಸಿದ ಬಾಯಿ ಒವನ್‌ನಲ್ಲಿ ಬಿಚ್ಚಿ ಹೂರಣವೆಲ್ಲ ತಟ್ಟೆಗೆ. ಅಂಗೈಯ ಕಿರುಬೆರಳಿನ ಕಡೆಯ ಅಂಚಿಗೆ ಹಿಟ್ಟು ಸವರಿ, ಸುರುಳಿಯ ಮೇಲಿಟ್ಟು, ಗರಗಸ ಆಡಿಸುವ ಹಾಗೆ ಹಿಂದೆ ಮುಂದೆ ಒತ್ತುತ್ತಾ ಇಳಿಸಿ. ಹೂರಣ ಎರಡೂ ಪಕ್ಕಕ್ಕೆ ಸರಿದು, ನಡುವೆ ಬರೀ ಕಣಕ ಉಳಿದು, ತಾನಾಗಿ ಹೊಸೆದುಕೊಂಡು ತುಂಡಾಗುತ್ತೆ. ಹೊಡೆಯಬೇಡಿ, ಉಜ್ಜಿ. ತುಂಡಿನ ಒಂದು ಬಾಯಿಯನ್ನು ಚಿವುಟಿ ಒಳಕ್ಕೆ ಮಡಚಿ ಬುಡ ಮಾಡಿ, ನಿಲ್ಲಿಸಿ, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಅದುಮಿ. ಹೊಕ್ಕುಳಿನಲ್ಲಿ ಚೂರು ಹೂರಣ ಕಂಡರೆ ಪರವಾಗಿಲ್ಲ, ಬುಡ ಮಾತ್ರ ಭದ್ರವಾಗಿರಲಿ.

ಮೇಲೆ ಮೊಟ್ಟೆಯ ಹಳದಿ ಸವರಿ, 190 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಗಂಟೆ. ಮೇಲಿನ ಬಣ್ಣ ನಂಬಬೇಡಿ, ಒಂದನ್ನು ಎತ್ತಿ ತಳ ನೋಡಿ. ಸಾಸಿವೆ ಸಾಸ್ ಜೊತೆ ಬಿಸಿಬಿಸಿ ತಿನ್ನಿ. ಉಳಿದದ್ದನ್ನು ಮಾರನೇ ದಿನ ಒವನ್‌ನಲ್ಲೇ ಬಿಸಿ ಮಾಡಿ, ಮೈಕ್ರೊವೇವ್‌ಗೆ ಇಟ್ಟರೆ ತೊಗಲಾಗುತ್ತೆ.